ಇಬ್ಬರು ಕ್ರಾಮ್‌ವೆಲ್‌ಗಳು: ಒಂದೇ ಮನೆತನವೋ, ಹೆಸರಷ್ಟೇ ಒಂದೋ?

ಹಾವೇರಿ_ಇತಿಹಾಸ
ಭಾನುವಾರ, ಬೆಳಿಗ್ಗೆ 9:10

ಎಲ್ಲರಿಗೂ ನಮಸ್ಕಾರ್ರೀ. ಪದವಿ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡ್ತೀನಿ. ಮೊನ್ನೆ ಆಂತರಿಕ ಪರೀಕ್ಷೆಯ ಪೇಪರ್ ತಿದ್ದುವಾಗ ಒಬ್ಬ ಹುಡುಗಿಯ ಉತ್ತರ ಓದಿ ಪೆನ್ನು ಕೆಳಗಿಟ್ಟೆ. ಅವಳು ಬರೆದದ್ದು ಹೀಗೆ: “ಕ್ರಾಮ್‌ವೆಲ್ ಮೊದಲು ರಾಜನ ಮಂತ್ರಿಯಾಗಿ ಮಠಗಳನ್ನು ಮುಚ್ಚಿಸಿದನು. ನಂತರ ಸೈನ್ಯ ಕಟ್ಟಿಕೊಂಡು ರಾಜನ ತಲೆಯನ್ನೇ ತೆಗೆಸಿದನು.”

ಮಠ ಮುಚ್ಚಿಸಿದವನು ಥಾಮಸ್, ಎಂಟನೇ ಹೆನ್ರಿಯ ಮಂತ್ರಿ, ಸತ್ತದ್ದು 1540ರಲ್ಲಿ. ರಾಜ ಮೊದಲನೇ ಚಾರ್ಲ್ಸ್‌ನ ತಲೆ ಹೋದದ್ದು 1649ರಲ್ಲಿ, ಅದು ಆಲಿವರ್‌ನ ಕಾಲ, ರಾಜನ ವಿರುದ್ಧ ಸೈನ್ಯ ನಡೆಸಿ ಮುಂದೆ ತಾನೇ ದೇಶ ಆಳಿದವನು. ನಡುವೆ ನೂರಕ್ಕೂ ಹೆಚ್ಚು ವರ್ಷ. ಕರೆದು ಹೇಳಿದೆ. ಅವಳು ಸುಮ್ಮನಾಗಲಿಲ್ಲ. “ಮೇಡಂ, ಹೆಸರು ಒಂದೇ ಇದೆ, ಇಬ್ಬರೂ ಅಷ್ಟು ದೊಡ್ಡವರಾದರು, ಸಂಬಂಧ ಇರಲೇಬೇಕಲ್ಲ?” ಅಂದಳು. ಪ್ರಶ್ನೆ ಸರಿಯಾಗೇ ಇದೆ. ಒಂದು ಕಡೆ ನೋಡಿದರೆ ಆಲಿವರ್ ಥಾಮಸ್‌ನ ವಂಶಸ್ಥ ಅಂತದೆ, ಇನ್ನೊಂದು ಕಡೆ ಸಂಬಂಧವೇ ಇಲ್ಲ ಅಂತದೆ. ಬುಧವಾರ ಅದೇ ತರಗತಿ ಇದೆ. ಬೋರ್ಡಿನ ಮೇಲೆ ಬರೆಯುವ ಹಾಗೆ ಯಾರಾದರೂ ಬಿಡಿಸಿ ಹೇಳ್ತೀರಾ?

ಓದುಗ_ತುಮಕೂರು
ಭಾನುವಾರ, ಬೆಳಿಗ್ಗೆ 9:42

ಆಲಿವರ್ ಅಂದರೆ ಥಾಮಸ್‌ನ ಮರಿಮಗ ಮೇಡಂ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವಾಗ ನೋಟ್ಸ್‌ನಲ್ಲಿ ಹಾಗೇ ಇತ್ತು.

ಹಳೇ_ಮೇಷ್ಟ್ರು
ಭಾನುವಾರ, ಬೆಳಿಗ್ಗೆ 10:25

ತುಮಕೂರಿನವರೇ, ಆ ನೋಟ್ಸ್ ತಪ್ಪು. ಸಂಬಂಧವೇ ಇಲ್ಲ ಅನ್ನುವುದೂ ತಪ್ಪು. ಇಂಗ್ಲಿಷಿನಲ್ಲಿ ಇದನ್ನು ಹೇಳಲು ಹೋದರೆ ‘ಗ್ರೇಟ್’ ಮೇಲೆ ‘ಗ್ರೇಟ್’ ಪೇರಿಸಬೇಕು, ಓದುವವರು ಎಣಿಕೆ ತಪ್ಪುತ್ತಾರೆ. ನಮ್ಮ ಭಾಷೆಯಲ್ಲಿ ಎರಡೇ ಮಾತು: ಥಾಮಸ್ ಎಂದರೆ ಆಲಿವರ್‌ನ ಮುತ್ತಜ್ಜನ ಸೋದರಮಾವ.

ವಿವರ ಹೇಳುತ್ತೇನೆ, ಮೇಡಂ ಬೋರ್ಡಿಗೆ ಇಳಿಸಿಕೊಳ್ಳಲಿ. ಲಂಡನ್ನಿನ ಪಕ್ಕ, ಥೇಮ್ಸ್ ದಂಡೆಯ ಪಟ್ನಿಯಲ್ಲಿ ವಾಲ್ಟರ್ ಕ್ರಾಮ್‌ವೆಲ್ ಎಂಬ ಕಮ್ಮಾರನಿದ್ದ. ಬಿಯರ್ ಕಾಯಿಸುವ ಕಸುಬೂ ಇತ್ತು. ಅವನ ಮಕ್ಕಳಲ್ಲಿ ಕ್ಯಾಥರಿನ್ ಅಕ್ಕ, ಥಾಮಸ್ ತಮ್ಮ. ಕ್ಯಾಥರಿನ್ ಮದುವೆಯಾದದ್ದು ವೇಲ್ಸ್ ಮೂಲದ ಮಾರ್ಗನ್ ವಿಲಿಯಮ್ಸ್‌ನನ್ನು. ಅವರ ಮಗ ರಿಚರ್ಡ್ ವಿಲಿಯಮ್ಸ್. ಈ ರಿಚರ್ಡ್ ಸೋದರಮಾವನ ಆಶ್ರಯದಲ್ಲಿ ಮೇಲೆ ಬಂದ, ಅವನ ಹೆಸರನ್ನೇ ಇಟ್ಟುಕೊಂಡು ರಿಚರ್ಡ್ ಕ್ರಾಮ್‌ವೆಲ್ ಆದ. ರಿಚರ್ಡ್‌ನ ಮಗ ಸರ್ ಹೆನ್ರಿ. ಹೆನ್ರಿಯ ಮಗ ರಾಬರ್ಟ್. ರಾಬರ್ಟ್‌ನ ಮಗ ಆಲಿವರ್, ಹುಟ್ಟಿದ್ದು 1599ರಲ್ಲಿ, ಹಂಟಿಂಗ್ಡನ್‌ನಲ್ಲಿ.

ರಕ್ತ ಬಂದದ್ದು ಕ್ಯಾಥರಿನ್‌ಳಿಂದ, ಹೆಸರು ಬಂದದ್ದು ಥಾಮಸ್‌ನಿಂದ. ಗಂಡುಸಂತತಿಯ ಲೆಕ್ಕ ಹಿಡಿದರೆ ಆಲಿವರ್ ನಿಜವಾಗಿ ಆಲಿವರ್ ವಿಲಿಯಮ್ಸ್.

ಹಳೇ_ಶಿರಸ್ತೇದಾರ
ಭಾನುವಾರ, ಮಧ್ಯಾಹ್ನ 12:05

ಮೇಷ್ಟ್ರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಮೂವತ್ತೆರಡು ವರ್ಷ ಕಂದಾಯ ಇಲಾಖೆಯಲ್ಲಿ ದಫ್ತರು ನೋಡಿದವನು ನಾನು. ಪಹಣಿಯಲ್ಲಿ, ಕ್ರಯಪತ್ರದಲ್ಲಿ ಒಬ್ಬನೇ ಮನುಷ್ಯನಿಗೆ ಎರಡು ಹೆಸರಿದ್ದರೆ ನಾವು ‘ಉರ್ಫ್’ ಹಾಕುತ್ತೇವೆ. ಈ ಮನೆತನದವರೂ ತಲೆಮಾರುಗಟ್ಟಲೆ ಅದನ್ನೇ ಮಾಡಿದರು. ಆಲಿವರ್‌ನ ಅಜ್ಜ ಕಾಗದಪತ್ರದಲ್ಲಿ “ಸರ್ ಹೆನ್ರಿ ವಿಲಿಯಮ್ಸ್ ಉರ್ಫ್ ಕ್ರಾಮ್‌ವೆಲ್”. ಹೊಸ ಹೆಸರಿನ ಜೊತೆ ಆಸ್ತಿ ಬಂದಿತ್ತು, ಹಳೆಯ ಹೆಸರು ಬಿಟ್ಟರೆ ಮುಂದೆ ಯಾವ ತಕರಾರು ಬರುತ್ತದೋ ಎಂದು ಎರಡನ್ನೂ ಉಳಿಸಿಕೊಂಡರು ಎಂದೇ ನನ್ನ ಅಭಿಪ್ರಾಯ.

ಆಸ್ತಿ ಎಲ್ಲಿಯದು ಗೊತ್ತೇ? ಸೋದರಮಾವ ಮುಚ್ಚಿಸಿದ ಮಠಗಳದ್ದು. ಹಂಟಿಂಗ್ಡನ್ ಪಕ್ಕದ ಹಿಂಚಿಂಗ್‌ಬ್ರೂಕ್ ಸನ್ಯಾಸಿನಿಯರ ಮಠ, ರ್‍ಯಾಮ್ಸಿಯ ದೊಡ್ಡ ಮಠ, ಎರಡೂ ರಿಚರ್ಡ್‌ನ ಕೈಸೇರಿದವು. ರ್‍ಯಾಮ್ಸಿ ಮಠದ ಹೆಬ್ಬಾಗಿಲನ್ನು ಕಳಚಿ ತಂದು ಹಿಂಚಿಂಗ್‌ಬ್ರೂಕ್ ಮನೆಗೆ ನಿಲ್ಲಿಸಿದರು, ಇವತ್ತಿಗೂ ಅಲ್ಲಿದೆ. ಮಂತ್ರಿ ಥಾಮಸ್ ಇಲ್ಲದಿದ್ದರೆ ಆಲಿವರ್ ಹುಟ್ಟುವ ಹೊತ್ತಿಗೆ ಆ ಮನೆಯವರು ಪಟ್ನಿಯ ಕಡೆ ಬಿಯರ್ ಕಾಯಿಸಿಕೊಂಡೇ ಇರುತ್ತಿದ್ದರೇನೋ.

ಓದುಗ_ತುಮಕೂರು
ಭಾನುವಾರ, ಮಧ್ಯಾಹ್ನ 12:31

ತಿದ್ದಿದ್ದಕ್ಕೆ ಧನ್ಯವಾದ ಮೇಷ್ಟ್ರೇ, ನೋಟ್ಸ್‌ನಲ್ಲೂ ತಿದ್ದಿಕೊಂಡೆ. ಹಾಗಾದರೆ ಥಾಮಸ್‌ಗೆ ಸ್ವಂತ ಮಕ್ಕಳಿರಲಿಲ್ಲವೇ? ಕ್ರಾಮ್‌ವೆಲ್ ಅನ್ನುವ ಹೆಸರಿನ ಅರ್ಥವೇನು?

ಹಳೇ_ಮೇಷ್ಟ್ರು
ಭಾನುವಾರ, ಮಧ್ಯಾಹ್ನ 3:18

ಗ್ರೆಗರಿ ಎಂಬ ಮಗನಿದ್ದ. ಹೆನ್ರಿಯ ಮೂರನೇ ರಾಣಿ ಜೇನ್ ಸೀಮೋರ್‌ಳ ತಂಗಿ ಎಲಿಜಬೆತ್‌ಳನ್ನು ಅವನಿಗೆ ತಂದುಕೊಂಡರು. ಕಮ್ಮಾರನ ಮೊಮ್ಮಗ ರಾಜನಿಗೆ ಷಡ್ಡಕನಾದ! ಅಪ್ಪನ ತಲೆ ಹೋದದ್ದು 1540ರ ಜುಲೈ 28ಕ್ಕೆ, ಟವರ್ ಹಿಲ್‌ನಲ್ಲಿ. ಅದೇ ದಿನ ಹೆನ್ರಿ ಐದನೇ ಮದುವೆ ಮಾಡಿಕೊಂಡ. ಅದೇ ವರ್ಷ ಡಿಸೆಂಬರ್‌ನಲ್ಲಿ ಮಗ ಗ್ರೆಗರಿಗೆ ಬ್ಯಾರನ್ ಪದವಿ ಕೊಟ್ಟ. ಆ ಕವಲು ಮುಂದೆ ಐರ್ಲೆಂಡಿನ ಆರ್ಡ್‌ಗ್ಲಾಸ್ ಅರ್ಲ್‌ಗಳವರೆಗೆ ನಡೆಯಿತು. ಆಲಿವರ್ ಆ ಕವಲಿನವನಲ್ಲ.

ಹೆಸರು ಊರಿನದು. ನಾಟಿಂಗ್‌ಹ್ಯಾಮ್ ಸೀಮೆಯಲ್ಲಿ, ಟ್ರೆಂಟ್ ನದಿಯ ಬಳಿ, ನ್ಯೂವಾರ್ಕಿನ ಉತ್ತರಕ್ಕೆ ಕ್ರಾಮ್‌ವೆಲ್ ಎಂಬ ಹಳ್ಳಿಯಿದೆ. ಹಳೆಯ ಇಂಗ್ಲಿಷಿನಲ್ಲಿ ಸೊಟ್ಟಗೆ ಹರಿಯುವ ಹಳ್ಳ ಎಂದರ್ಥ. ಉತ್ತರ ಕರ್ನಾಟಕದ ಅಡ್ಡಹೆಸರುಗಳ ಹಾಗೆ ಊರು ಬಿಟ್ಟು ಬಂದವರ ಬೆನ್ನಿಗೆ ಊರ ಹೆಸರು. ಥಾಮಸ್‌ನ ಅಜ್ಜನ ಕಡೆಯವರು ಆ ಹಳ್ಳಿಯ ಹತ್ತಿರದ ನಾರ್‌ವೆಲ್‌ನಿಂದ ಬಂದವರು. ಆಗಿನ ಕಾಗದಗಳಲ್ಲಿ ‘ಕ್ರಮ್‌ವೆಲ್’ ಎಂದೂ ಬರೆಯುತ್ತಿದ್ದರು.

ಅದೇ ಹಳ್ಳಿಯ ಹೆಸರು ಹೊತ್ತ ಇನ್ನೊಬ್ಬ ದೊಡ್ಡ ಮನುಷ್ಯನಿದ್ದ. ರಾಲ್ಫ್ ಕ್ರಾಮ್‌ವೆಲ್, ಆರನೇ ಹೆನ್ರಿಯ ಖಜಾಂಚಿ, 1456ರಲ್ಲಿ ತೀರಿಕೊಂಡ. ಲಿಂಕನ್‌ಶೈರ್‌ನ ಟ್ಯಾಟರ್‌ಷಲ್‌ನಲ್ಲಿ ಕೆಂಪು ಇಟ್ಟಿಗೆಯ ಭಾರಿ ಗೋಪುರ ಕಟ್ಟಿಸಿದವನು. ಅವನ ಮನೆಯ ಒಲೆಗೂಡುಗಳನ್ನು ಕಿತ್ತು ವಿದೇಶಕ್ಕೆ ಸಾಗಿಸಲು ಹೊರಟಾಗ, 1911ರಲ್ಲಿ ಆ ಕೋಟೆಯನ್ನು ಕೊಂಡು ಉಳಿಸಿದವರು ನಮ್ಮಲ್ಲಿ ವೈಸರಾಯ್ ಆಗಿದ್ದ ಲಾರ್ಡ್ ಕರ್ಜನ್. ಬಂಗಾಳ ಒಡೆದದ್ದಕ್ಕೆ ಕರ್ಜನ್ ಮೇಲೆ ನನಗೆ ಈಗಲೂ ಸಿಟ್ಟಿದೆ, ಹಳೆಯ ಕಟ್ಟಡ ಉಳಿಸಿದ್ದಕ್ಕೆ ಗೌರವವೂ ಇದೆ.

ಕೇಂಬ್ರಿಜ್_ಮಳೆ
ಭಾನುವಾರ, ಸಂಜೆ 6:50

ಮೇಡಂ, ನಿಮ್ಮ ವಿದ್ಯಾರ್ಥಿನಿ ಮಾಡಿದ ತಪ್ಪನ್ನು ಇಲ್ಲಿನವರೂ ದಿನಾ ಮಾಡುತ್ತಾರೆ. ನಾನು ಹನ್ನೊಂದು ವರ್ಷದಿಂದ ಕೇಂಬ್ರಿಜ್‌ಶೈರ್‌ನಲ್ಲಿದ್ದೇನೆ. ಇಲ್ಲಿ ಯಾವ ಹಳೇ ಚರ್ಚಿಗೆ ಹೋದರೂ ಮೂಗು ಒಡೆದ ವಿಗ್ರಹ ಕಂಡರೆ “ಕ್ರಾಮ್‌ವೆಲ್ ಮಾಡಿದ್ದು” ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಯಾವ ಕ್ರಾಮ್‌ವೆಲ್ ಎಂದು ಕೇಳಿದರೆ ಅವರಿಗೆ ಒಬ್ಬನೇ ಗೊತ್ತು, ಆಲಿವರ್.

ಈಲಿಯ ಕಥೆಡ್ರಲ್‌ಗೆ ಅಪ್ಪ ಅಮ್ಮ ಬಂದಾಗ ಕರೆದುಕೊಂಡು ಹೋಗಿದ್ದೆ. ಅಲ್ಲಿ ಲೇಡಿ ಚಾಪೆಲ್ ಅಂತ ದೊಡ್ಡ ಸಭಾಮಂಟಪವಿದೆ, 1349ರಲ್ಲಿ ಮುಗಿದದ್ದು. ಗೋಡೆಯ ಸುತ್ತ ನೂರಾರು ಸಣ್ಣ ಕಲ್ಲಿನ ಮೂರ್ತಿಗಳು, ಬಟ್ಟೆಯ ನಿರಿಗೆ ಸಹಿತ ಕೆತ್ತಿದ್ದಾರೆ. ಹತ್ತಿರ ಹೋಗಿ ನೋಡಿದರೆ ಒಂದಕ್ಕೂ ತಲೆಯಿಲ್ಲ. ಕತ್ತಿನ ಹತ್ತಿರ ಉಳಿಯ ಏಟು ಕಾಣುತ್ತದೆ. ಅಲ್ಲಲ್ಲಿ ಸಂದಿಯಲ್ಲಿ ಹಳೆಯ ಕೆಂಪು, ಹಸಿರು ಬಣ್ಣ ಅಂಟಿಕೊಂಡಿದೆ. ಅಪ್ಪ ಒಂದೊಂದೇ ಮೂರ್ತಿಯ ಮುಂದೆ ನಿಂತು ನೋಡಿದರು, ಬಹಳ ಹೊತ್ತು ಮಾತಾಡಲಿಲ್ಲ. ಪಕ್ಕದಲ್ಲಿದ್ದ ಒಬ್ಬರು ಮಕ್ಕಳಿಗೆ ಆಲಿವರ್ ಕ್ರಾಮ್‌ವೆಲ್‌ನ ಹೆಸರು ಹೇಳುತ್ತಿದ್ದರು. ಅವನ ಮನೆ ಇದೇ ಊರಲ್ಲಿ ಇದೆಯಲ್ಲ, ಹಾಗೆ ಅನ್ನಿಸುವುದು ಸಹಜ.

ಆದರೆ ಆ ತಲೆಗಳು ಹೋದದ್ದು 1541ರಲ್ಲಿ, ಬಿಷಪ್ ಗುಡ್‌ರಿಚ್‌ನ ಆಜ್ಞೆಯಿಂದ. ಆಲಿವರ್ ಹುಟ್ಟಲು ಇನ್ನೂ 58 ವರ್ಷವಿತ್ತು. ಆ ಹೊತ್ತಿಗೆ ಥಾಮಸ್ ಸತ್ತು ವರ್ಷವಾಗಿತ್ತು, ಆದರೂ ಅದು ಥಾಮಸ್ ಹಚ್ಚಿದ ಬೆಂಕಿಯೇ. ಆಲಿವರ್ ಈಲಿಯಲ್ಲಿ ಮಾಡಿದ್ದು ಬೇರೆ. 1644ರ ಜನವರಿಯಲ್ಲಿ ಕಥೆಡ್ರಲ್‌ನಲ್ಲಿ ಗಾಯನದ ಪೂಜೆ ನಿಲ್ಲಿಸಲು ಹಿಚ್ ಎಂಬ ಪಾದ್ರಿಗೆ ಕಾಗದ ಬರೆದ. ಪಾದ್ರಿ ಕೇಳಲಿಲ್ಲ. ಸೈನಿಕರ ಜೊತೆ ಒಳಗೆ ನುಗ್ಗಿ, “ನಿಮ್ಮ ಹುಚ್ಚಾಟ ಬಿಟ್ಟು ಕೆಳಗಿಳಿಯಿರಿ” ಎಂದು ಪೂಜೆ ಮಾಡುತ್ತಿದ್ದವನನ್ನೇ ಇಳಿಸಿದ. ಇನ್ನು ಪೀಟರ್‌ಬರೋ ಕಥೆಡ್ರಲ್‌ನಲ್ಲಿ 1643ರಲ್ಲಿ ಗಾಜು, ಆರ್ಗನ್ ಒಡೆದು ಹಾಕಿದ್ದು ಮಾತ್ರ ಆಲಿವರ್‌ನ ಸೈನಿಕರೇ. ಆದ್ದರಿಂದ ಒಂದೊಂದು ಊರಿನಲ್ಲೂ ಇಸವಿ ಕೇಳಿಯೇ ನಂಬಬೇಕು.

ಡ್ರಾಹೆಡಾ_ಅಕ್ಕ
ಭಾನುವಾರ, ರಾತ್ರಿ 9:15

ನಾನು ಮಂಗಳೂರು ಕಡೆಯವಳು, ಇಲ್ಲಿ ಐರ್ಲೆಂಡಿನಲ್ಲಿ ನರ್ಸ್. ನಾನಿರುವ ಡ್ರಾಹೆಡಾ ಊರಿನ ಹೆಸರು ನೋಡಿದರೇ ನಿಮಗೆ ಗೊತ್ತಾಗಬೇಕು ನಾನು ಯಾಕೆ ಬರೆಯುತ್ತಿದ್ದೇನೆ ಅಂತ. ಇಲ್ಲಿ ಕ್ರಾಮ್‌ವೆಲ್ ಅಂದರೆ ಇಬ್ಬರಿಲ್ಲ ಮಾರಾಯ್ರೇ, ಒಬ್ಬನೇ. 1649ರ ಸೆಪ್ಟೆಂಬರ್ 11ಕ್ಕೆ ಆಲಿವರ್‌ನ ಸೈನ್ಯ ಈ ಊರಿನ ಗೋಡೆ ಒಡೆದು ಒಳಗೆ ಬಂತು. ಸೇಂಟ್ ಪೀಟರ್ಸ್ ಚರ್ಚಿನ ಗೋಪುರ ಹತ್ತಿ ಕೂತವರನ್ನು ಇಳಿಸಲಿಕ್ಕೆ ಒಳಗಿನ ಬೆಂಚುಗಳನ್ನು ಕೆಳಗೆ ರಾಶಿ ಹಾಕಿಸಿ ಬೆಂಕಿ ಕೊಡಿಸಿದ. ಇದನ್ನು ಶತ್ರುಗಳು ಕಟ್ಟಿದ ಕತೆ ಅನ್ನುವ ಹಾಗಿಲ್ಲ, ಅವನೇ ಲಂಡನ್ನಿಗೆ ಬರೆದ ಕಾಗದದಲ್ಲಿ ಉಂಟು. ಇದು ದೇವರ ನ್ಯಾಯದ ತೀರ್ಪು ಅಂತಲೂ ಅದರಲ್ಲೇ ಬರೆದಿದ್ದಾನೆ. ಸೈನಿಕರು, ಪಾದ್ರಿಗಳು, ಊರಿನವರು ಸೇರಿ ಸಾವಿರಾರು ಜನ ಸತ್ತರು. ಮರು ತಿಂಗಳು ವೆಕ್ಸ್‌ಫರ್ಡ್‌ನಲ್ಲಿ ಮತ್ತೆ ಅದೇ.

ಐರಿಷ್ ಭಾಷೆಯಲ್ಲಿ ಒಂದು ಶಾಪವಾಕ್ಯವೇ ಉಂಟು: “ಕ್ರಾಮ್‌ವೆಲ್‌ನ ಶಾಪ ನಿನಗೆ ತಟ್ಟಲಿ.” ನನ್ನ ವಾರ್ಡಿನಲ್ಲಿದ್ದ ವಯಸ್ಸಾದ ಅಜ್ಜಿಯ ಬಾಯಲ್ಲಿ ನಾನು ಇದನ್ನು ಕೇಳಿದ್ದೇನೆ. ಮುನ್ನೂರೈವತ್ತು ವರ್ಷ ದಾಟಿದ ಮೇಲೂ.

ಬ್ಯಾಂಕ್_ನಿವೃತ್ತ
ಸೋಮವಾರ, ಬೆಳಿಗ್ಗೆ 7:30

ಅಕ್ಕಾ, ಓದಿ ಸಂಕಟವಾಯಿತು. ನಮ್ಮ ಪಠ್ಯದಲ್ಲಿ ಆಲಿವರ್ ಅಂದರೆ ರಾಜಶಾಹಿಯನ್ನು ಇಳಿಸಿದ ವೀರ ಎಂದಷ್ಟೇ ಓದಿದ್ದು.

ನಮ್ಮ ದೇಶಕ್ಕೂ ಅವನಿಗೂ ನೇರ ಸಂಬಂಧವಿದೆ ಎಂಬುದನ್ನು ಯಾರೂ ಹೇಳಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಈಸ್ಟ್ ಇಂಡಿಯಾ ಕಂಪನಿ ಮೊದಲು ಒಂದೊಂದು ಯಾನಕ್ಕೆ, ಆಮೇಲೆ ಕೆಲವು ಕೆಲವು ವರ್ಷಕ್ಕೆ ಬೇರೆ ಬೇರೆ ಬಂಡವಾಳ ಎತ್ತುತ್ತಿತ್ತು, ವ್ಯಾಪಾರ ಮುಗಿದ ಮೇಲೆ ಲೆಕ್ಕ ಚುಕ್ತಾ ಮಾಡಿ ಹಂಚುತ್ತಿತ್ತು. ಮೇಲಾಗಿ ಪೈಪೋಟಿ. ಚಾರ್ಲ್ಸ್ ರಾಜನ ಅನುಮತಿ ಪಡೆದ ಕೋರ್ಟೀನ್ ಕೂಟದವರು ನಮ್ಮ ಕಾರವಾರದಲ್ಲೇ 1638ರಲ್ಲಿ ಕೋಠಿ ತೆರೆದಿದ್ದರು. 1657ರಲ್ಲಿ ಆಲಿವರ್ ಕೊಟ್ಟ ಸನ್ನದಿನಿಂದ ಕಂಪನಿಗೆ ಕಾಯಂ ಷೇರು ಬಂಡವಾಳ ಬಂತು. ಬ್ಯಾಂಕಿನಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಅಂಗಡಿಗೂ ಸಂಸ್ಥೆಗೂ ಇರುವ ವ್ಯತ್ಯಾಸ ಅದು. ಅಷ್ಟು ದೂರದಲ್ಲಿ ಕೂತು ಅಷ್ಟು ವರ್ಷ ನಮ್ಮ ಮೇಲೆ ಕೈಯಾಡಿಸಲು ಅವರಿಗೆ ಸಾಧ್ಯವಾದದ್ದು ಆ ಬಂಡವಾಳ ಕರಗದೆ ನಿಂತದ್ದರಿಂದ. ಮುಂದೆ ರಾಜ ಎರಡನೇ ಚಾರ್ಲ್ಸ್ ಮರಳಿ ಬಂದು ಆಲಿವರ್ ಮಾಡಿದ್ದನ್ನೆಲ್ಲ ರದ್ದು ಮಾಡಿದ, ಕಂಪನಿಗೆ ಮಾತ್ರ 1661ರಲ್ಲಿ ತಾನೇ ಹೊಸ ಸನ್ನದು ಕೊಟ್ಟ.

ಹಾವೇರಿ_ಇತಿಹಾಸ
ಸೋಮವಾರ, ಬೆಳಿಗ್ಗೆ 8:05

ಕಾರವಾರದ ವಿಷಯ ನನಗೂ ಹೊಸದು ಸರ್. ಬಹಳ ಉಪಕಾರ ಆಯ್ತು. ಥಾಮಸ್ ಬಗ್ಗೆಯೂ ಯಾರಾದರೂ ಇನ್ನಷ್ಟು ಹೇಳ್ರಿ. ಮಠ ಮುಚ್ಚಿಸಿದ, ತಲೆ ಕಳಕೊಂಡ, ಇಷ್ಟು ಬಿಟ್ಟರೆ ಮಕ್ಕಳಿಗೆ ಅವನೊಬ್ಬ ಮನುಷ್ಯ ಅನ್ನಿಸುವ ಹಾಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.

ಹಳೇ_ಶಿರಸ್ತೇದಾರ
ಸೋಮವಾರ, ಮಧ್ಯಾಹ್ನ 2:40

ಮೇಡಂ, ಎರಡು ಸಂಗತಿ ಹೇಳುತ್ತೇನೆ. ಎರಡೂ ನನ್ನ ನೌಕರಿಗೆ ಹತ್ತಿರದವು, ಅದಕ್ಕೇ ಮರೆತಿಲ್ಲ.

ಮೊದಲನೆಯದು ಒತ್ತುವರಿ. ಲಂಡನ್ನಿನ ಆಸ್ಟಿನ್ ಫ್ರೈಯರ್ಸ್ ಎಂಬ ಮಠದ ಪಕ್ಕ ಥಾಮಸ್ ದೊಡ್ಡ ಮನೆ ಕಟ್ಟಿಸಿದ. ಕಟ್ಟಡ ಮುಗಿದ ಮೇಲೆ ಹಿತ್ತಲು ಚಿಕ್ಕದಾಯಿತು ಅನ್ನಿಸಿತು. ನೆರೆಯವರಿಗೆ ಒಂದು ಮಾತೂ ಹೇಳದೆ ಬೇಲಿ ಕೀಳಿಸಿ, ಅವರ ಜಾಗದೊಳಗೆ 22 ಅಡಿ ಅಳೆದು, ಗೆರೆ ಹಾಕಿ, ಪಾಯ ತೋಡಿಸಿ ಎತ್ತರದ ಗೋಡೆ ಎಬ್ಬಿಸಿದ. ಆ ನೆರೆಯವರಲ್ಲಿ ಒಬ್ಬನ ಹಿತ್ತಲಿನ ಅಂಚಿಗೆ ಒಂದು ಮನೆಯಿತ್ತು. ಅದನ್ನು ನೆಲದಿಂದ ಸಡಿಲಿಸಿ, ಉರುಳುಗಂಬಗಳ ಮೇಲೆ ತಳ್ಳಿಸಿ, 22 ಅಡಿ ಆಚೆಗೆ ಸರಿಸಿಬಿಟ್ಟರು. ಇಡೀ ಮನೆ! ಯಜಮಾನ ಬಂದು ಕೇಳಿದರೆ, ನಮ್ಮ ಒಡೆಯರು ಹೇಳಿದ್ದಾರೆ ಎಂದಷ್ಟೇ ಉತ್ತರ. ಯಾರೂ ಎದುರು ಮಾತಾಡಲಿಲ್ಲ. ಅರ್ಧ ಹಿತ್ತಲು ಹೋಯಿತು, ಗೇಣಿ ಮಾತ್ರ ಪೂರ್ತಿ ಕಟ್ಟುತ್ತ ಹೋದರು. ಇದನ್ನು ಬರೆದಿಟ್ಟವನು ಜಾನ್ ಸ್ಟೋ, ಲಂಡನ್ನಿನ ಇತಿಹಾಸಕಾರ. ಹಿತ್ತಲು ಕಳೆದುಕೊಂಡವನು ಅವನ ಸ್ವಂತ ಅಪ್ಪ. ಅಧಿಕಾರದಲ್ಲಿದ್ದವನ ಒತ್ತುವರಿ ತೆರವು ಮಾಡಿಸುವುದು ಎಷ್ಟು ಕಷ್ಟ ಎಂದು ನಾನು ಕಣ್ಣಾರೆ ನೋಡಿದವನು. ಸ್ಟೋ ಬರೆದದ್ದನ್ನು ಓದಿದಾಗ ಆ ಅಪ್ಪನ ಮುಖ ನನಗೆ ಕಂಡ ಹಾಗಾಯಿತು.

ಎರಡನೆಯದು ಅದೇ ಮನುಷ್ಯ ಮಾಡಿದ ಇನ್ನೊಂದು ಕೆಲಸ. ನನ್ನ ಲೆಕ್ಕದಲ್ಲಿ ಅವನ ಎಲ್ಲ ಕೆಲಸಗಳಿಗಿಂತ ದೊಡ್ಡದು. 1538ರ ಸೆಪ್ಟೆಂಬರ್‌ನಲ್ಲಿ ಥಾಮಸ್ ಒಂದು ಹುಕುಂ ಹೊರಡಿಸಿದ. ಇಂಗ್ಲೆಂಡಿನ ಪ್ರತಿಯೊಂದು ಚರ್ಚಿನಲ್ಲೂ ಒಂದು ಪುಸ್ತಕ ಇಡಬೇಕು. ಊರಿನ ಪ್ರತಿ ಮದುವೆ, ಪ್ರತಿ ಜ್ಞಾನಸ್ನಾನ, ಪ್ರತಿ ಸಾವಿನ ಸಂಸ್ಕಾರ ಅದರಲ್ಲಿ ಹತ್ತಬೇಕು. ವಾರಕ್ಕೊಮ್ಮೆ, ಭಾನುವಾರ, ಊರ ಧರ್ಮದರ್ಶಿಗಳ ಎದುರಿಗೇ ಪಾದ್ರಿ ಬರೆಯಬೇಕು. ಪುಸ್ತಕ ಇಡಲು ಭದ್ರವಾದ ಪೆಟ್ಟಿಗೆ, ಅದಕ್ಕೆ ಎರಡು ಬೀಗ, ಒಂದು ಕೀಲಿಕೈ ಪಾದ್ರಿಯ ಹತ್ತಿರ, ಇನ್ನೊಂದು ಊರಿನವರ ಹತ್ತಿರ. ಬರೆಯದೆ ಬಿಟ್ಟರೆ ಪ್ರತಿ ಸಲಕ್ಕೂ 3 ಷಿಲಿಂಗ್ 4 ಪೆನ್ಸ್ ದಂಡ.

ಎರಡು ಬೀಗದ ಏರ್ಪಾಡು ಗಮನಿಸಿ. ಖಜಾನೆಗೆ ನಾವು ಮಾಡುವುದು ಅದೇ, ಇಬ್ಬರು ಕೂಡಿದರೆ ಮಾತ್ರ ತೆರೆಯಬೇಕು. ದಾಖಲೆಯ ಬೆಲೆ ಗೊತ್ತಿದ್ದವನು ಮಾತ್ರ ಹಾಗೆ ಬರೆಯಬಲ್ಲ. ಜನರಿಗೆ ಅನುಮಾನ ಬಂತು. ಹುಟ್ಟಿಗೂ ಸಾವಿಗೂ ಮದುವೆಗೂ ತೆರಿಗೆ ಹಾಕುತ್ತಾರೆ, ಅದಕ್ಕೇ ಈ ಲೆಕ್ಕ ಎಂದು ಡೆವನ್, ಕಾರ್ನ್‌ವಾಲ್ ಕಡೆ ಗುಲ್ಲೆದ್ದಿತು. ಜನಗಣತಿಗೆ ಹೋದಾಗ ನಮಗೂ ಇದೇ ಪ್ರಶ್ನೆ ಬರುತ್ತಿತ್ತು.

ಕೂಲಿಯ ಮಗು ಹುಟ್ಟಿದರೂ, ಸಾಹುಕಾರನ ಮಗು ಹುಟ್ಟಿದರೂ ಒಂದೇ ಪುಸ್ತಕ, ಒಂದೇ ಸಾಲು. ಇವತ್ತು ಇಂಗ್ಲೆಂಡಿನಲ್ಲಿ ಯಾರೇ ತಮ್ಮ ವಂಶವೃಕ್ಷ ಹುಡುಕಲಿ, ಹದಿನಾರನೇ ಶತಮಾನದವರೆಗೆ ಹೋಗಲು ಹಿಡಿಯುವುದು ಈ ಪುಸ್ತಕಗಳನ್ನೇ. ಪೌತಿ ಖಾತೆಗೆಂದು ವಂಶವೃಕ್ಷ ಬರೆಸಲು ಬಂದ ಜನ ಅಜ್ಜನ ಸಾವಿನ ದಾಖಲೆಯಿಲ್ಲದೆ ಕಚೇರಿಯ ಕಟ್ಟೆಯ ಮೇಲೆ ದಿನಗಟ್ಟಲೆ ಕೂತದ್ದನ್ನು ನೋಡಿದ್ದೇನೆ. ಒಂದು ಸಾಲು ಬರೆದಿಟ್ಟಿದ್ದರೆ ಸಾಕಿತ್ತು.

ಡ್ರಾಹೆಡಾ_ಅಕ್ಕ
ಸೋಮವಾರ, ಸಂಜೆ 5:20

ಶಿರಸ್ತೇದಾರ್ ಸರ್, ನೀವು ಬರೆದದ್ದು ಓದಿ ನನಗೆ ನಮ್ಮ ಇಗರ್ಜಿಯ ನೆನಪಾಯಿತು. ಪಾಸ್‌ಪೋರ್ಟ್ ಮಾಡುವಾಗ ಅಮ್ಮನಿಗೆ ಜನನ ಪ್ರಮಾಣಪತ್ರ ಇರಲಿಲ್ಲ. ಪಾದ್ರಿಯವರು ಕಪಾಟಿನಿಂದ ಉದ್ದದ ಪುಸ್ತಕ ತೆಗೆದು, ಬೆರಳು ಇಟ್ಟು ಇಟ್ಟು ಹುಡುಕಿ, ಅಮ್ಮನ ಜ್ಞಾನಸ್ನಾನದ ಸಾಲು ತೋರಿಸಿದರು. ತನ್ನ ಹೆಸರನ್ನು ಅಮ್ಮ ಮುಟ್ಟಿ ನೋಡಿದರು. ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು.

ಕೇಂಬ್ರಿಜ್_ಮಳೆ
ಸೋಮವಾರ, ರಾತ್ರಿ 10:48

ಶಿರಸ್ತೇದಾರ್ ಸರ್, ನೀವು ಹೇಳಿದ ಪುಸ್ತಕದ ಕತೆ ಹಂಟಿಂಗ್ಡನ್‌ನಲ್ಲಿ ಪೂರ್ತಿಯಾಗುತ್ತದೆ. ಅಲ್ಲಿನ ಸೇಂಟ್ ಜಾನ್ಸ್ ಚರ್ಚ್ ಈಗ ಇಲ್ಲ, ಅದರ ರಿಜಿಸ್ಟರ್ ಉಳಿದಿದೆ. 1599ರಲ್ಲಿ ಲ್ಯಾಟಿನ್‌ನಲ್ಲಿ ಒಂದು ಸಾಲು. ರಾಬರ್ಟ್ ಕ್ರಾಮ್‌ವೆಲ್ ಮತ್ತು ಅವನ ಹೆಂಡತಿ ಎಲಿಜಬೆತ್‌ರ ಮಗ ಆಲಿವರ್, ಏಪ್ರಿಲ್ 25ರಂದು ಹುಟ್ಟಿ ಅದೇ ತಿಂಗಳ 29ರಂದು ಜ್ಞಾನಸ್ನಾನವಾಯಿತು ಎಂದು. ಥಾಮಸ್‌ನ ಹುಕುಂ ಹೊರಟು ಆಗ 61 ವರ್ಷ. ಸೋದರಮಾವ ಇಡಿಸಿದ ಪುಸ್ತಕದಲ್ಲಿ ಅಳಿಯನ ಮರಿಮಗನ ಹೆಸರು! ನೀವು ಬರೆದದ್ದು ಓದಿದಾಗಿನಿಂದ ಅದೇ ಯೋಚನೆ ಮಾಡುತ್ತಿದ್ದೇನೆ.

ಆ ಸಾಲಿನ ಪಕ್ಕ ಮುಂದೆ ಯಾರೋ “ಇಂಗ್ಲೆಂಡಿಗೆ ಅಂಟಿದ ಪಿಡುಗು” ಎಂಬರ್ಥದ ಮಾತು ಗೀಚಿದರು. ಆಮೇಲೆ ಇನ್ಯಾರೋ ಅದರ ಮೇಲೆ ಗೆರೆ ಎಳೆದು ಹೊಡೆದುಹಾಕಿದರು. ಒಬ್ಬ ದ್ವೇಷಿಸಿದವನು, ಒಬ್ಬ ಅದನ್ನು ಸಹಿಸದವನು, ಇಬ್ಬರ ಕೈಯೂ ಅದೇ ಪುಟದಲ್ಲಿದೆ.

ಇನ್ನೊಂದು ವಿಷಯ. ಆಲಿವರ್‌ನ ಕಾಲದಲ್ಲೂ ಈ ಪುಸ್ತಕಗಳಿಗೆ ಕೈ ಹಚ್ಚಿದರು. 1653ರಲ್ಲಿ, ಅವನು ಸೇನಾಪತಿಯಾಗಿ ಕರೆಸಿದ ಸಂಸತ್ತು, ಪಾದ್ರಿಗಳಿಂದ ರಿಜಿಸ್ಟರ್ ಕಿತ್ತು ಊರಿನವರು ಆರಿಸಿದ ಬೇರೆ ಮನುಷ್ಯನಿಗೆ ಒಪ್ಪಿಸಿತು. ಮದುವೆಯನ್ನೂ ಚರ್ಚಿನಿಂದ ಬಿಡಿಸಿ ಮ್ಯಾಜಿಸ್ಟ್ರೇಟರ ಮುಂದೆ ಮಾಡಿಸಿತು. ಪರಿಣಾಮ ಏನೆಂದರೆ, ಆ ವರ್ಷಗಳಲ್ಲಿ ಎಷ್ಟೋ ಊರಿನ ಪುಸ್ತಕದಲ್ಲಿ ಪುಟಗಳು ಖಾಲಿ. ಇಲ್ಲಿ ವಂಶಾವಳಿ ಹುಡುಕುವವರು ಮೊದಲು ಬೈಯುವುದು ಆ ಖಾಲಿ ಜಾಗವನ್ನು.

ಹಳೇ_ಮೇಷ್ಟ್ರು
ಮಂಗಳವಾರ, ಬೆಳಿಗ್ಗೆ 6:55

ಇಷ್ಟು ಚೆನ್ನಾದ ಚರ್ಚೆ ಓದಿ ಬಹಳ ದಿನವಾಗಿತ್ತು. ಮೇಡಂ ಬೋರ್ಡಿಗೆ ಹೆಸರಿನ ಕೊನೆಯ ತಿರುವನ್ನೂ ಸೇರಿಸಿಕೊಳ್ಳಲಿ.

ಆಲಿವರ್ ಸತ್ತದ್ದು 1658ರ ಸೆಪ್ಟೆಂಬರ್ 3ಕ್ಕೆ. ಅವನು ದೇಶ ಆಳಿದ ಲಾರ್ಡ್ ಪ್ರೊಟೆಕ್ಟರ್ ಪಟ್ಟ ಮಗ ರಿಚರ್ಡ್‌ಗೆ ಬಂತು, ಒಂದು ವರ್ಷವೂ ನಿಲ್ಲಲಿಲ್ಲ. ಮುತ್ತಜ್ಜನ ಅಪ್ಪನ ಹೆಸರೂ ರಿಚರ್ಡ್, ಇವನೂ ರಿಚರ್ಡ್. ಅವನು ಹೆಸರು ಕೊಂಡು ಮೇಲೆ ಬಂದ, ಇವನಿಗೆ ಅದೇ ಹೆಸರು ಪ್ರಾಣಕ್ಕೆ ಬಂತು. ರಾಜ ಮರಳಿದಾಗ ಹೆಂಡತಿ ಮಕ್ಕಳನ್ನು ಬಿಟ್ಟು ಯೂರೋಪಿಗೆ ಹೋದ. ಜಾನ್ ಕ್ಲಾರ್ಕ್ ಎಂದು ಹೇಳಿಕೊಂಡು ವರ್ಷಗಟ್ಟಲೆ ಬದುಕಿದ. ಸುಮಾರು ಇಪ್ಪತ್ತು ವರ್ಷದ ನಂತರ ಹಿಂದಿರುಗಿ, ಲಂಡನ್ ಹತ್ತಿರದ ಚೆಸ್‌ಹಂಟ್‌ನಲ್ಲಿ 1712ರಲ್ಲಿ, 85ನೇ ವಯಸ್ಸಿಗೆ ತೀರಿಕೊಂಡ. ಅಪ್ಪನ ಹೆಣವನ್ನು 1661ರ ಜನವರಿ 30ಕ್ಕೆ, ಚಾರ್ಲ್ಸ್ ಸತ್ತ ದಿನವೇ ಬರುವ ಹಾಗೆ ನೋಡಿಕೊಂಡು, ಗೋರಿಯಿಂದ ತೆಗೆದು ನೇತುಹಾಕಿ ತಲೆ ಕಡಿದಿದ್ದರು. ಆ ತಲೆ ವೆಸ್ಟ್‌ಮಿನ್‌ಸ್ಟರ್ ಹಾಲ್ ಮೇಲೆ ಗಳುವಿನ ತುದಿಯಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇತ್ತು. ಕೊನೆಗೆ ಮಣ್ಣು ಕಂಡದ್ದು 1960ರಲ್ಲಿ, ಅವನು ಓದಿದ ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ.

ಅದೇ ವಂಶದ ರ್‍ಯಾಮ್ಸಿಯ ಕವಲಿನಲ್ಲಿ ಹೆನ್ರಿ ಕ್ರಾಮ್‌ವೆಲ್ ಎಂಬವನಿದ್ದ. ರಾಜ ಮರಳಿದ್ದೇ ತಡ, ಅವನು ಉರ್ಫ್ ಬಿಟ್ಟು ಪುನಃ ಹೆನ್ರಿ ವಿಲಿಯಮ್ಸ್ ಆಗಿಬಿಟ್ಟ.

ಹಳೇ_ಮೇಷ್ಟ್ರು
ಮಂಗಳವಾರ, ಬೆಳಿಗ್ಗೆ 7:20

ತಿದ್ದುಪಡಿ: ಮೇಲೆ “ಮುತ್ತಜ್ಜನ ಅಪ್ಪ” ಎಂದದ್ದು ಪ್ರೊಟೆಕ್ಟರ್ ರಿಚರ್ಡ್‌ನ ಲೆಕ್ಕದಲ್ಲಿ. ಆಲಿವರ್‌ಗೆ ಅವನು ಮುತ್ತಜ್ಜ. ಇಬ್ಬರು ರಿಚರ್ಡ್‌ಗಳು, ಇಬ್ಬರು ಹೆನ್ರಿಗಳು, ಆಲಿವರ್‌ಗಳೂ ಇಬ್ಬರು, ಒಬ್ಬ ಇವನು, ಇನ್ನೊಬ್ಬ ಇವನ ದೊಡ್ಡಪ್ಪ ಸರ್ ಆಲಿವರ್. ದೊಡ್ಡಪ್ಪ ಕಡೆಯವರೆಗೂ ರಾಜನ ಪಕ್ಷದವನು. ಬೋರ್ಡಿನ ಮೇಲೆ ಪ್ರತಿ ಹೆಸರಿನ ಪಕ್ಕ ಇಸವಿ ಹಾಕಿ ಮೇಡಂ.

ಹಾವೇರಿ_ಇತಿಹಾಸ
ಬುಧವಾರ, ಸಂಜೆ 6:30

ಇವತ್ತು ತರಗತಿ ಮುಗೀತು. ಎಲ್ಲರಿಗೂ ಹೇಗೆ ಧನ್ಯವಾದ ಹೇಳಬೇಕೋ ತಿಳೀವಲ್ದು. ಬೋರ್ಡಿನ ಎಡಕ್ಕೆ ಪಟ್ನಿ ಬರೆದೆ, ಬಲಕ್ಕೆ ಹಂಟಿಂಗ್ಡನ್. ನಡುವೆ ಕ್ಯಾಥರಿನ್‌ಳಿಂದ ಕೆಳಗೆ ಗೆರೆ ಎಳೆದು, “ಮುತ್ತಜ್ಜನ ಸೋದರಮಾವ” ಅಂದ ಕೂಡಲೇ ಹಿಂದಿನ ಬೆಂಚಿನವರಿಗೂ ತಿಳೀತು. 22 ಅಡಿ ಮನೆ ತಳ್ಳಿದ್ದು ಹೇಳಿದಾಗ ಇಡೀ ಕ್ಲಾಸು ಗಲಾಟೆ. ಡ್ರಾಹೆಡಾದ ಗೋಪುರದ ಬಗ್ಗೆ ಹೇಳುವಾಗ ಯಾರೂ ಸದ್ದು ಮಾಡಲಿಲ್ಲ.

ಎರಡು ಬೀಗದ ಪೆಟ್ಟಿಗೆ, ಆಲಿವರ್‌ನ ಸಾಲು ಎಲ್ಲ ಮುಗಿದ ಮೇಲೆ ಆ ಹುಡುಗಿ ಎದ್ದು ನಿಂತಳು. “ಮೇಡಂ, ಹಾಗಾದ್ರ ಆ ಪುಸ್ತಕದಾಗ ಥಾಮಸ್‌ಂದು ಹುಟ್ಟಿದ ದಿನಾಂಕ ಐತೇನ್ರಿ? ಅವನ ಅಕ್ಕಂದು?” ಅಂತ ಕೇಳಿದಳು. ನಾಳೆ ಹೇಳ್ತೀನಿ ಅಂದು ಬಂದೆ. ಶಿರಸ್ತೇದಾರ್ ಸರ್, ನೀವೇ ಹೇಳಬೇಕು.

ಹಳೇ_ಶಿರಸ್ತೇದಾರ
ಬುಧವಾರ, ರಾತ್ರಿ 8:15

ಇಲ್ಲಮ್ಮ. ಇಬ್ಬರೂ ಹುಟ್ಟಿದ್ದು ಆ ಹುಕುಂ ಹೊರಡುವುದಕ್ಕೆ ಐವತ್ತು ವರ್ಷದ ಆಸುಪಾಸು ಮುಂಚೆ. ಪಟ್ನಿಯ ಚರ್ಚಿನಲ್ಲಿ ಆಗ ಪುಸ್ತಕವೇ ಇರಲಿಲ್ಲ. ಅದಕ್ಕೇ ಎಲ್ಲರೂ ಥಾಮಸ್ “ಸುಮಾರು 1485ರಲ್ಲಿ” ಹುಟ್ಟಿದ ಎಂದು ಬರೆಯುತ್ತಾರೆ, ತಾರೀಖು ಹಾಕುವುದಿಲ್ಲ. ಆಲಿವರ್‌ಗಾದರೆ ಏಪ್ರಿಲ್ 25, 1599 ಎಂದು ದಿನವನ್ನೇ ಹೇಳುತ್ತೇವೆ. ಕ್ಯಾಥರಿನ್‌ಳ ಮದುವೆ, ಅವಳ ಮಗ ರಿಚರ್ಡ್ ಹುಟ್ಟಿದ್ದು, ಇವೂ 1538ಕ್ಕಿಂತ ಹಿಂದಿನವು.

ಆ ಹುಡುಗಿಗೆ ನನ್ನ ಪರವಾಗಿ ಹೇಳಿ, ಒಳ್ಳೆಯ ಪ್ರಶ್ನೆ ಕೇಳಿದಳು ಅಂತ.